‘ಅನೋವಾ’ ನಾಟಕವನ್ನು ಎಲ್ಲಿಗೆ ಮುಗಿಸಬೇಕು?

ಪ್ರಶ್ನೆ:
ಘಾನಾದ ಲೇಖಕಿ ಅಮಾ ಅಟಾ ಐಡೂ ಅವರ ‘ಅನೋವಾ’ (1970) ನಾಟಕವನ್ನು ರಂಗಕ್ಕೆ ತರುವ ಸಿದ್ಧತೆಯಲ್ಲಿದ್ದೇವೆ. ತಾಯಿಯ ಮಾತು ಮೀರಿ ಕೋಫಿ ಅಕೋನನ್ನು ಮದುವೆಯಾಗಿ, ಮಳೆಯಲ್ಲಿ ನೆನೆಯುತ್ತ ಚರ್ಮದ ಹೊರೆ ಹೊತ್ತು ಅವನ ವ್ಯಾಪಾರವನ್ನು ಬೆಳೆಸಿದ ಅನೋವಾ, ಗಂಡ ಗುಲಾಮರನ್ನು ಕೊಳ್ಳತೊಡಗಿದಾಗ ತಿರುಗಿ ನಿಲ್ಲುತ್ತಾಳೆ; ಕೊನೆಗೆ ಇಬ್ಬರೂ ಸಾಯುತ್ತಾರೆ. ಅನೋವಾಳ ನಿರ್ಗಮನಕ್ಕೇ ಆಟ ಮುಗಿಸಬಹುದು, ಇಲ್ಲವೇ ಊರಿನ ಮುದುಕ ಮುದುಕಿಯರ ಮಾತಿನವರೆಗೂ ಮುಂದುವರಿಸಬಹುದು ಎಂದು ಲೇಖಕಿಯೇ ಆಯ್ಕೆಯನ್ನು ಬಿಟ್ಟಿದ್ದಾರೆ. ಈ ಸಾವು ಹೆಣ್ಣಿನ ಸೋಲಾಗಿ ಕಂಡೀತೇ ಎಂಬ ಆತಂಕ ನನ್ನದು. ತಾವು ಏನೆನ್ನುವಿರಿ?

ಉತ್ತರ 1:
ನಿರ್ಗಮನಕ್ಕೇ ಮುಗಿಸಿ. ಅವಳು ನೀರಿಗೆ ಬಿದ್ದ ಸುದ್ದಿ ತಿಳಿಯುವುದು ಮುದುಕ ಮುದುಕಿಯರಿಂದ. ಅದನ್ನು ಬಿಟ್ಟರೆ ಪ್ರೇಕ್ಷಕರ ಪಾಲಿಗೆ ಅವಳು ಸಾಯುವುದೇ ಇಲ್ಲ. ಮೂರನೆಯ ಘಟ್ಟದ ರಂಗಸಜ್ಜಿಕೆಯನ್ನು ಗಮನಿಸಿ. ಒಗ್ವಾ ಪಟ್ಟಣದ ದೊಡ್ಡ ಮನೆಯಲ್ಲಿ ವಿಕ್ಟೋರಿಯಾ ರಾಣಿಯ ಚಿತ್ರವಿದೆ, ಜೊತೆಗೆ ಕೋಫಿಯ ಚಿತ್ರ, ಅವನ ಕುಲಲಾಂಛನವಾದ ಕಾಗೆ. ಆ ವೈಭವದ ನಡುವೆ ಮನೆಯೊಡತಿ ಹಳೆಯ ಬಟ್ಟೆಯುಟ್ಟು ಬರಿಗಾಲಲ್ಲಿ ಓಡಾಡುತ್ತಾಳೆ. ದುಡಿಮೆ ಗುಲಾಮರ ಪಾಲಾದ ದಿನವೇ ಅವಳ ಮಾತಿನ ತೂಕವೂ ಹೋಗಿತ್ತು. ಗಂಡ ಕಾರಣ ಹೇಳದೆ ಮನೆ ಬಿಟ್ಟು ಹೋಗೆಂದಾಗ ಅವಳು ಬಿಡದೆ ಕಾರಣ ಕೇಳುತ್ತಾಳೆ, ಕೇಳುತ್ತ ಕೇಳುತ್ತ ಅವನ ಗಂಡಸುತನವೇ ಉಳಿದಿಲ್ಲವೆಂಬುದನ್ನು ಕಂಡುಕೊಂಡು, ಆಳುಗಳ ಕಿವಿಗೂ ಬೀಳುವಂತೆ ಆಡಿಬಿಡುತ್ತಾಳೆ. ಆ ಮಾತಿನ ಬಳಿಕ ಯಾರ ವ್ಯಾಖ್ಯಾನ ಬಂದರೂ ಅದರ ಪೆಟ್ಟು ತಗ್ಗುತ್ತದೆ.

ಉತ್ತರ 2:
ಮೇಲಿನ ಅಭಿಪ್ರಾಯವನ್ನು ಗೌರವಿಸಿಯೂ ನಾನು ಒಪ್ಪಲಾರೆ. ಊರನ್ನು ಕೈಬಿಟ್ಟರೆ ಇದು ಗಂಡ ಹೆಂಡಿರ ಜಗಳವಾಗಿ ಉಳಿದೀತು. ಹೆಣ್ಣಿಗೆ ಅಧಿಕಾರದ ಸ್ಥಾನವೊಂದು ಅನೋವಾಳ ಊರಾದ ಯೆಬಿಯಲ್ಲಿ ಇರಲಿಲ್ಲವೆಂದಲ್ಲ. ಅವಳನ್ನು ದೇವರ ಪೂಜಾರಿಣಿಯಾಗಿ ಬಿಡೋಣವೆಂದು ತಂದೆ ಓಸಾಮ್ ಹೇಳಿದ್ದ. ಮಗಳು ಎಲ್ಲರಂತೆ ಮದುವೆಯಾಗಿ ಮಕ್ಕಳನ್ನು ಹೆರಬೇಕೆಂದು ತಡೆದವಳು ತಾಯಿ ಬಾಡುವಾ. ಮುದುಕಿ ಮೊದಲಿನಿಂದಲೂ ಅನೋವಾಳನ್ನೇ ದೂರುತ್ತ ಬಂದವಳು. ಮುದುಕನಾದರೋ ಅವಳು ತನಗೆ ತಾನು ಪ್ರಾಮಾಣಿಕಳಾಗಿದ್ದಳೆಂದು ಒಪ್ಪುತ್ತಾನೆ, ಊರಿನ ಹೊಣೆಯನ್ನೂ ಕಾಣುತ್ತಾನೆ. ಆ ಒಪ್ಪಿಗೆಯನ್ನು ಪ್ರೇಕ್ಷಕರು ಕೇಳಿಸಿಕೊಳ್ಳಲೇಬೇಕು.

ಉತ್ತರ 3:
ಯಾವ ಕೊನೆಯನ್ನು ಆರಿಸಿಕೊಂಡರೂ ಕನಸಿನ ಪ್ರಸಂಗವನ್ನು ಮಾತ್ರ ಕತ್ತರಿಸಬೇಡಿ. ಗುಲಾಮರ ವ್ಯಾಪಾರ ನಡೆದ, ಕಡಲ ದಂಡೆಯ ಬಿಳಿಯರ ಕೋಟೆಗಳ ಬಗ್ಗೆ ಕೇಳಿ ಅಜ್ಜಿಯಿಂದ ಗದರಿಸಿಕೊಂಡ ಬಾಲೆ, ಆ ರಾತ್ರಿ ತಾನು ಬೃಹತ್ ಹೆಂಗಸಾದಂತೆಯೂ ತನ್ನ ಮೈಯಿಂದ ಗಂಡಸರು, ಹೆಂಗಸರು, ಮಕ್ಕಳು ಸುರಿಯುತ್ತಿದ್ದಂತೆಯೂ ಕನಸು ಕಾಣುತ್ತಾಳೆ. ಗಂಡನ ಮನೆಯ ಗುಲಾಮರನ್ನು ಅವಳು ಏಕೆ ಸಹಿಸಲಾರಳೆಂಬುದು ಅಲ್ಲಿಯೇ ತಿಳಿಯುವುದು. ಹಿನ್ನೆಲೆ ಸಂಗೀತದ ಹಂಗಿಲ್ಲದೆ, ನಟಿಯೊಬ್ಬಳೇ ನಿಂತು ಆ ಮಾತುಗಳನ್ನು ನಿಧಾನವಾಗಿ ಹೇಳಲಿ.