ಮುಂಭಾಗ ಗಾಜಿನ ಕ್ಯಾಬಿನೆಟ್‌ನಲ್ಲಿ ಪ್ರೊಸೆಸರ್ 90 ಡಿಗ್ರಿ ಮುಟ್ಟುತ್ತಿದೆ: ಕ್ಯಾಬಿನೆಟ್ ಬದಲಿಸಬೇಕೇ?

ಪ್ರಶ್ನೆ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ದೀಪಾವಳಿಯ ಹೊತ್ತಿಗೆ ಬಿಡಿಭಾಗಗಳನ್ನು ಕೊಂಡು ನಾನೇ ಜೋಡಿಸಿದ ಕಂಪ್ಯೂಟರ್ ಚಳಿಗಾಲವಿಡೀ ತೊಂದರೆಯಿಲ್ಲದೆ ನಡೆಯಿತು. ಈಗ ಬಿಸಿಲು ಏರಿದ ಮೇಲೆ, ಆಟ ಶುರುವಾಗಿ ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಫ್ಯಾನ್‌ಗಳು ಭೋರೆನ್ನುತ್ತವೆ, ಪರದೆಯ ಮೇಲಿನ ಚಲನೆ ತಡವರಿಸುತ್ತದೆ. ಒಳಗಿರುವುದು ರೈಜನ್ 5 5600 ಪ್ರೊಸೆಸರ್, ಅದರ ಜೊತೆಗೇ ಬಂದ ಕೂಲರ್, ಮೂರು ಫ್ಯಾನಿನ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, ಚಿಕ್ಕ ಅಳತೆಯ ಮೈಕ್ರೋ ಎಟಿಎಕ್ಸ್ ಮದರ್‌ಬೋರ್ಡ್ ಮತ್ತು ಇವಕ್ಕೆಲ್ಲ ವಿದ್ಯುತ್ ಪೂರೈಸುವ 650 ವ್ಯಾಟ್ ಎಸ್‌ಎಮ್‌ಪಿಎಸ್. ಕ್ಯಾಬಿನೆಟ್‌ನ ಮುಂಭಾಗ ಪೂರ್ತಿ ಗಾಜು. ಅದರ ಹಿಂದೆ ಬಣ್ಣದ ದೀಪಗಳಿರುವ ಎರಡು ಫ್ಯಾನ್, ಹಿಂಬದಿಯಲ್ಲಿ ಒಂದು. ಕೋಣೆಯಲ್ಲಿ 35 ಡಿಗ್ರಿ ಇರುವಾಗ ಪ್ರೊಸೆಸರ್ 90, ಕಾರ್ಡ್ 83 ತೋರಿಸುತ್ತವೆ. ಪ್ರೊಸೆಸರ್ ಮತ್ತು ಕೂಲರ್ ನಡುವಿನ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿ ನೋಡಿದೆ, ಪ್ರಯೋಜನವಾಗಲಿಲ್ಲ. ಅಂಗಡಿಯವರು ಪ್ರೊಸೆಸರನ್ನು ನೀರಿನಿಂದ ತಣಿಸುವ ಕೂಲರ್ ಹಾಕಿಸಿಕೊಳ್ಳಿ ಎನ್ನುತ್ತಿದ್ದಾರೆ. ನನಗೆ ಕ್ಯಾಬಿನೆಟ್ ಮೇಲೆಯೇ ಅನುಮಾನ. ಎರಡನ್ನೂ ಕೊಳ್ಳುವಷ್ಟು ಹಣವಿಲ್ಲದ ಕಾರಣ, ದಯವಿಟ್ಟು ತಿಳಿದವರು ದಾರಿ ತೋರಿಸಬೇಕು.

ಉತ್ತರ (ಬೆಂಗಳೂರು)

ಹಣ ಖರ್ಚು ಮಾಡುವ ಮೊದಲು ಖರ್ಚಿಲ್ಲದ ಮೂರು ಪರೀಕ್ಷೆಗಳನ್ನು ಮಾಡಿ ನೋಡಿ. ನಿಮ್ಮ ಪ್ರೊಸೆಸರ್‌ಗೆ ನಿಗದಿಯಾದ ಗರಿಷ್ಠ ಉಷ್ಣಾಂಶವೇ 90 ಡಿಗ್ರಿ. ಅಲ್ಲಿಗೆ ತಲುಪಿದೊಡನೆ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದರಿಂದ ಚಲನೆ ತಡವರಿಸುತ್ತಿದೆ. ಪೂರ್ಣ ಹೊರೆಯಲ್ಲಿ ಪ್ರೊಸೆಸರ್ ಸುಮಾರು 76 ವ್ಯಾಟ್, ಕಾರ್ಡ್ ಸುಮಾರು 170 ವ್ಯಾಟ್ ಎಳೆಯುತ್ತವೆ. ಹಳೆಯ ಕಾಲದ ನೂರು ವ್ಯಾಟಿನ ಎರಡೂವರೆ ಬಲ್ಬುಗಳನ್ನು ಪೆಟ್ಟಿಗೆಯೊಳಗೆ ಉರಿಸಿಟ್ಟ ಹಾಗೆ. ಆ ಶಾಖ ಹೊರಹೋಗುವುದಕ್ಕೆ ದಾರಿಯಿದೆಯೇ ಎಂಬುದೇ ಪ್ರಶ್ನೆ.

ಮೊದಲು ಪಕ್ಕದ ಬಾಗಿಲನ್ನು ತೆಗೆದು, ಅದೇ ಆಟವನ್ನು ಅಷ್ಟೇ ಹೊತ್ತು ಆಡಿ, ಉಷ್ಣಾಂಶವನ್ನು ಬರೆದಿಟ್ಟುಕೊಳ್ಳಿ. ಇಳಿಕೆ ಒಂದೆರಡು ಡಿಗ್ರಿ ಮಾತ್ರವಾದರೆ ದೋಷ ಕೂಲರಿನದು. ಹತ್ತರ ಹತ್ತಿರವಾದರೆ ಕ್ಯಾಬಿನೆಟ್ ಉಸಿರಾಡುತ್ತಿಲ್ಲ ಎಂದರ್ಥ. ಅನಂತರ ಪಕ್ಕದ ಬಾಗಿಲನ್ನು ಮುಚ್ಚಿ, ಮುಂದಿನ ಗಾಜನ್ನು ಮಾತ್ರ ಬಿಚ್ಚಿ ಮತ್ತೆ ಅಳೆಯಿರಿ. ಕೊನೆಯದಾಗಿ ಒಂದು ಊದುಬತ್ತಿ ಹಚ್ಚಿ, ಬೂದಿ ಒಳಗೆ ಬೀಳದಂತೆ ದೂರ ಹಿಡಿದು, ಪ್ರತಿ ಫ್ಯಾನಿನ ಬಳಿ ಹೊಗೆ ಎತ್ತ ಸಾಗುತ್ತದೆಂದು ಗಮನಿಸಿ. ಚೌಕಟ್ಟಿನ ಕಡ್ಡಿಗಳು ಅಡ್ಡಲಾಗಿ ಕಾಣುವ ಬದಿಯಿಂದ ಗಾಳಿ ಹೊರಬೀಳುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ತಿರುವುಮುರುವಾದ ಫ್ಯಾನ್ ಕಣ್ಣಿಗೇ ಗೊತ್ತಾಗುತ್ತದೆ.

ನೀರಿನ ಕೂಲರ್ ಸದ್ಯಕ್ಕೆ ಬೇಡ. ಅದು ತಣಿಸುವುದು ಪ್ರೊಸೆಸರನ್ನು ಮಾತ್ರ, ಮತ್ತು ನೀರಿನ ಶಾಖವನ್ನು ಹೊರಬಿಡುವ ಅದರ ರೇಡಿಯೇಟರ್ ಕೂರುವುದೂ ಅದೇ ಗಾಜಿನ ಹಿಂದೆ.

ಪ್ರಶ್ನೆ ಕೇಳಿದವರು

ಮೂರನ್ನೂ ಮಾಡಿದೆ. ಪಕ್ಕದ ಬಾಗಿಲು ತೆಗೆದಾಗ ಪ್ರೊಸೆಸರ್ 79, ಕಾರ್ಡ್ 72. ಮುಂದಿನ ಗಾಜನ್ನು ಮಾತ್ರ ತೆಗೆದಾಗ 80 ಮತ್ತು 73. ಊದುಬತ್ತಿಯ ಹೊಗೆಯಿಂದ ಇನ್ನೊಂದು ತಪ್ಪೂ ಬಯಲಾಯಿತು: ಹಿಂಬದಿಯ ಫ್ಯಾನನ್ನು ನಾನು ಒಳಮುಖವಾಗಿ ಕೂರಿಸಿದ್ದೆ. ಅದನ್ನು ತಿರುಗಿಸಿ ಎಲ್ಲವನ್ನೂ ಮುಚ್ಚಿದ ಮೇಲೆ ಪ್ರೊಸೆಸರ್ 87ಕ್ಕೆ ಬಂದಿದೆ. ಹಾಗಾದರೆ ಮುಂದೆ ಜಾಲರಿ ಇರುವ ಕ್ಯಾಬಿನೆಟ್ ನೋಡಬಹುದೇ?

ಉತ್ತರ (ರಾಯಚೂರು)

ಒಂದು ಆಕ್ಷೇಪವಿದೆ. ನಮ್ಮ ಕಡೆಯ ಎರೆಮಣ್ಣಿನ ಧೂಳು ಬೇಸಿಗೆಯಲ್ಲಿ ಮನೆಯ ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ. ಜಾಲರಿಯ ಮುಂಭಾಗವಿದ್ದರೆ ತಿಂಗಳೊಳಗೆ ಕೂಲರಿನ ರೆಕ್ಕೆಗಳ ನಡುವೆ ಧೂಳು ಮೆತ್ತಿಕೊಳ್ಳುತ್ತದೆಯಲ್ಲವೇ? ಮುಚ್ಚಿದ ಕ್ಯಾಬಿನೆಟ್ಟೇ ವಾಸಿ ಎಂದು ನಾನು ಇಷ್ಟು ದಿನ ತಿಳಿದಿದ್ದೆ.

ಉತ್ತರ (ಬೆಂಗಳೂರು)

ನಿಮ್ಮ ಆತಂಕ ನ್ಯಾಯವಾದದ್ದೇ, ಆದರೆ ಗಾಜು ಧೂಳನ್ನು ತಡೆಯುವುದಿಲ್ಲ. ಮುಂದಿನಿಂದ ಗಾಳಿ ಸಾಲದೆ ಹಿಂದಿನ ಫ್ಯಾನ್ ಹೊರಗೆ ತಳ್ಳುತ್ತಲೇ ಇದ್ದರೆ ಒಳಗಿನ ಒತ್ತಡ ತಗ್ಗಿ, ಕಾರ್ಡಿನ ಹಿಂದಿನ ಕಿಂಡಿಗಳು, ಬಾಗಿಲಿನ ಸಂದುಗಳು ಹೀಗೆ ಸೋಸುವ ಏರ್ಪಾಡಿಲ್ಲದ ಎಲ್ಲ ಕಡೆಯಿಂದಲೂ ಧೂಳು ನುಗ್ಗುತ್ತದೆ. ಒಳಬರುವ ಗಾಳಿ ಹೊರಹೋಗುವುದಕ್ಕಿಂತ ತುಸು ಹೆಚ್ಚಿದ್ದು, ಅದು ಫಿಲ್ಟರ್ ಮೂಲಕವೇ ಬರುವಂತಿದ್ದರೆ ಧೂಳೆಲ್ಲ ಒಂದೇ ಕಡೆ ನಿಲ್ಲುತ್ತದೆ, ಅಲ್ಲಿಂದ ತೊಳೆಯಬಹುದು. ಆದ್ದರಿಂದ ಸ್ಕ್ರೂಡ್ರೈವರ್ ಇಲ್ಲದೆ ಕೈಯಲ್ಲೇ ಎಳೆದು ತೆಗೆಯಬಹುದಾದ ಫಿಲ್ಟರ್ ಇರುವುದನ್ನೇ ಆರಿಸಿ, ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕಿ. ತೆಗೆಯುವುದು ಕಷ್ಟವಾದರೆ ಯಾರೂ ತೊಳೆಯುವುದಿಲ್ಲ ಎಂಬುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಇನ್ನು ಅಳತೆಯ ಮಾತು. ಅಂಗಡಿಗೆ ಹೋಗುವ ಮೊದಲು ಟೇಪ್ ಹಿಡಿದು ನಿಮ್ಮ ಕಾರ್ಡಿನ ಉದ್ದವನ್ನು ನೀವೇ ಅಳೆಯಿರಿ. ಅದು 280 ಮಿ.ಮೀ. ಇದೆ ಎಂದುಕೊಳ್ಳೋಣ. ಕ್ಯಾಬಿನೆಟ್‌ನ ವಿವರಪಟ್ಟಿಯಲ್ಲಿ 330 ಎಂದಿದ್ದರೆ ಧಾರಾಳವಾಗಿ ಕಾಣುತ್ತದೆ; ಆದರೆ ಮುಂದೆಂದಾದರೂ ಮುಂಭಾಗದಲ್ಲಿ ರೇಡಿಯೇಟರ್ ಹಾಕಿದರೆ ಅದರ ದಪ್ಪ ಸಾಮಾನ್ಯವಾಗಿ 27, ಫ್ಯಾನಿನ ದಪ್ಪ 25, ಎರಡೂ ಸೇರಿ 52 ಹೋಗಿ ಉಳಿಯುವುದು 278. ಎರಡು ಮಿಲಿಮೀಟರಿಗೆ ಎಲ್ಲ ಕೆಲಸವೂ ಕೆಡುತ್ತದೆ. ಪಟ್ಟಿಯಲ್ಲಿ ಕೊಟ್ಟ ಉದ್ದ ಮುಂದಿನ ಫ್ಯಾನನ್ನು ಲೆಕ್ಕಕ್ಕೆ ಹಿಡಿದದ್ದೋ ಅಲ್ಲವೋ ಎಂಬುದನ್ನೂ ವಿಚಾರಿಸಿ. ನಿಮ್ಮ ಈಗಿನ ಕೂಲರ್ 54 ಮಿ.ಮೀ. ಎತ್ತರದ್ದಾದ್ದರಿಂದ ಎಲ್ಲಿಯಾದರೂ ಹಿಡಿಸುತ್ತದೆ. ಆದರೆ 120 ಮಿ.ಮೀ. ಫ್ಯಾನಿನ ಗೋಪುರದಂತಹ ಕೂಲರ್‌ಗಳು ಬಹುಮಟ್ಟಿಗೆ 155ರಿಂದ 160ರ ಎತ್ತರದವು, ಹಾಗಾಗಿ 165ಕ್ಕೆ ಅವಕಾಶವಿರುವುದನ್ನು ನೋಡಿ. ಎಸ್‌ಎಮ್‌ಪಿಎಸ್ ಹಿಂದೆ ಹಾರ್ಡ್ ಡಿಸ್ಕ್‌ನ ಗೂಡು ಇದ್ದರೆ ಕೇಬಲ್ ಮಡಚಲು ಜಾಗ ಉಳಿಯುತ್ತದೆಯೇ ಎಂದೂ ಗಮನಿಸಿ.

ನಿಮ್ಮ ಮೈಕ್ರೋ ಎಟಿಎಕ್ಸ್ ಬೋರ್ಡ್ 244 × 244 ಮಿ.ಮೀ. ಆದ್ದರಿಂದ ಚಿಕ್ಕ ಕ್ಯಾಬಿನೆಟ್ ಸಾಕು ಅನಿಸಬಹುದು. ನಿಮ್ಮ ಊರಿನ ಸೆಕೆಗೆ ನಾನು 305 × 244ರ ಎಟಿಎಕ್ಸ್ ಬೋರ್ಡ್ ಹಿಡಿಸುವ ಮಧ್ಯಮ ಗಾತ್ರದ ಕ್ಯಾಬಿನೆಟ್, ಅಂದರೆ ಮಿಡ್ ಟವರನ್ನೇ ಹೇಳುತ್ತೇನೆ, ಏಕೆಂದರೆ ಕಾರ್ಡಿನ ಕೆಳಗೆ ಖಾಲಿ ಜಾಗ ಸಿಕ್ಕಿದಷ್ಟೂ ಅದರ ಫ್ಯಾನ್‌ಗಳು ತಣ್ಣನೆಯ ಗಾಳಿಯನ್ನು ಎಳೆದುಕೊಳ್ಳುತ್ತವೆ. ಎಸ್‌.ಪಿ. ರಸ್ತೆಗೆ (ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಪೇಟೆ) ಬರುವುದಾದರೆ ಬಾಗಿಲು ತೆಗೆಸಿ, ತಗಡನ್ನು ಕೈಯಿಂದ ಒತ್ತಿ ನೋಡಿ. ಸುಲಭವಾಗಿ ಬಾಗುವ ತಗಡಿನಲ್ಲಿ ಕಾರ್ಡಿನ ಸ್ಕ್ರೂ ರಂಧ್ರಕ್ಕೆ ಸರಿಯಾಗಿ ಕೂರುವುದಿಲ್ಲ.

ಪ್ರಶ್ನೆ ಕೇಳಿದವರು

ಜಾಲರಿಯ ಮಿಡ್ ಟವರ್ ತಂದು ಎಲ್ಲವನ್ನೂ ಅದಕ್ಕೆ ಬದಲಿಸಿದೆ, ಆದರೆ ಗುಂಡಿ ಒತ್ತಿದರೆ ಕಂಪ್ಯೂಟರ್ ಏಳುತ್ತಿಲ್ಲ. ಬೋರ್ಡಿನ ಮೇಲಿನ ಒಂದು ದೀಪ ಮಾತ್ರ ಉರಿಯುತ್ತಿದೆ.

ಉತ್ತರ (ಮಂಗಳೂರು)

ದೀಪ ಉರಿಯುತ್ತಿದೆ ಎಂದರೆ ಬೋರ್ಡಿಗೆ ವಿದ್ಯುತ್ ಬರುತ್ತಿದೆ, ಗಾಬರಿ ಬೇಡ. ಪವರ್ ಸ್ವಿಚ್ಚಿನ ಎರಡು ಪಿನ್‌ಗಳನ್ನು ಬೋರ್ಡಿನ ಕೈಪಿಡಿಯಲ್ಲಿ ಗುರುತಿಸಿ, ಸ್ಕ್ರೂಡ್ರೈವರಿನ ತುದಿಯಿಂದ ಕ್ಷಣಮಾತ್ರ ಜೋಡಿಸಿ. ಅದಕ್ಕೆ ಯಂತ್ರ ಎದ್ದರೆ ಮುಂಭಾಗದ ವೈರ್ ತಪ್ಪು ಜಾಗದಲ್ಲಿದೆ. ಸ್ವಿಚ್ಚಿನ ವೈರಿಗೆ ಹಿಂದುಮುಂದಿಲ್ಲ, ದೀಪದ ವೈರಿಗೆ ಇದೆ. ಏಳದಿದ್ದರೆ ಬೋರ್ಡನ್ನು ಹೊರತೆಗೆದು, ಅದನ್ನು ತಗಡಿಗೆ ತಾಗದಂತೆ ಎತ್ತಿ ಹಿಡಿಯುವ ಹಿತ್ತಾಳೆಯ ಸ್ಟ್ಯಾಂಡ್‌ಆಫ್‌ಗಳು ಬೋರ್ಡಿನ ರಂಧ್ರಗಳ ಕೆಳಗೆ ಮಾತ್ರ ಇವೆಯೇ ನೋಡಿ. ದೊಡ್ಡ ಬೋರ್ಡಿಗೆಂದು ಹಾಕಿದ್ದೊಂದು ಉಳಿದು ಹಿಂಬದಿಯ ಬೆಸುಗೆಗೆ ತಾಗಿದರೆ ಶಾರ್ಟ್ ಆಗುತ್ತದೆ.

ಪ್ರಶ್ನೆ ಕೇಳಿದವರು

ಪವರ್ ವೈರನ್ನು ರೀಸೆಟ್ ಪಿನ್‌ಗೆ ಹಾಕಿದ್ದೆ, ಸರಿಪಡಿಸಿದೊಡನೆ ಎದ್ದಿತು. ಕೋಣೆಯಲ್ಲಿ 35 ಇರುವಾಗಲೇ ಈಗ ಪ್ರೊಸೆಸರ್ 78, ಕಾರ್ಡ್ 70. ತಮ್ಮೆಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಒಂದು ಫ್ಯಾನ್ ಮಿಕ್ಕಿದೆ. ಅದನ್ನು ಮೇಲ್ಭಾಗದಲ್ಲಿ ಹಾಕಲೇ?

ಉತ್ತರ (ಬೆಂಗಳೂರು)

ಮೇಲ್ಭಾಗದ ಮುಂತುದಿಯಲ್ಲಿ ಬೇಡ. ಅಲ್ಲಿ ಹೊರಮುಖವಾಗಿ ಕೂತ ಫ್ಯಾನ್, ಮುಂದಿನಿಂದ ಬಂದ ತಣ್ಣನೆಯ ಗಾಳಿಯನ್ನು ಪ್ರೊಸೆಸರ್ ತಲುಪುವ ಮೊದಲೇ ಹೊರಗೆ ಎಳೆದುಬಿಡುತ್ತದೆ. ಮುಂಭಾಗದ ಕೆಳತುದಿಯಲ್ಲಿ, ಕಾರ್ಡಿನ ನೇರಕ್ಕೆ, ಒಳಮುಖವಾಗಿ ಹಾಕಿ, ಫಿಲ್ಟರ್ ಅದನ್ನೂ ಮುಚ್ಚುತ್ತದೆಯೇ ಎಂದು ನೋಡಿಕೊಳ್ಳಿ.