ಪಿಕಪ್ ಮೇಲಿನ ಏರಿಳಿಯುವ ಛಾವಣಿ ಸೋರುತ್ತಿದೆ: ಪತ್ರಾ ಬಿಚ್ಚಬೇಕೇ, ಮೇಲೊಂದು ಲೇಪ ಸಾಕೇ?

ಪ್ರಶ್ನೆ: ಟಿಳಕವಾಡಿ, ಬೆಳಗಾವಿ

ಮಾನ್ಯರೆ, ಕಳೆದ ದೀಪಾವಳಿಯ ಹೊತ್ತಿಗೆ ನಾನೊಂದು ಹಳೆಯ ಪಿಕಪ್ ವಾಹನವನ್ನು ಕೊಂಡೆ. ಅದರ ಹಿಂಭಾಗದಲ್ಲಿ ಇಬ್ಬರು ಮಲಗಬಹುದಾದ ಪುಟ್ಟ ಕೋಣೆಯೊಂದನ್ನು ಮೊದಲಿನ ಮಾಲೀಕರು ಸುಮಾರು ಹದಿನೈದು ವರ್ಷಗಳ ಹಿಂದೆ ಕಟ್ಟಿಸಿದ್ದರು. ಓಡಿಸುವಾಗ ಛಾವಣಿ ತಗ್ಗಿ ಕುಳಿತಿರುತ್ತದೆ. ನಿಲ್ಲಿಸಿದ ಮೇಲೆ ನಾಲ್ಕು ಮೂಲೆಗಳ ಗ್ಯಾಸ್ ಶಾಕ್‌ಗಳ ನೆರವಿನಿಂದ ಮೇಲಕ್ಕೆತ್ತಿದರೆ ಸುತ್ತಲೂ ಕ್ಯಾನ್ವಾಸ್ ಗೋಡೆ ಬಿಚ್ಚಿಕೊಂಡು, ಒಳಗೆ ನಿಂತು ಚಹಾ ಕಾಯಿಸುವಷ್ಟು ಎತ್ತರ ಸಿಗುತ್ತದೆ. ಹೊರದೇಶಗಳಲ್ಲಿ ಇಂಥದ್ದನ್ನು ಪಾಪ್-ಅಪ್ ಕ್ಯಾಂಪರ್ ಎನ್ನುತ್ತಾರೆ. ನಮ್ಮ ಓಣಿಯ ಹುಡುಗರು ಇದಕ್ಕೆ ‘ಆಮೆ ಗಾಡಿ’ ಎಂದು ಹೆಸರಿಟ್ಟಿದ್ದಾರೆ.

ಛಾವಣಿ 2.4 ಮೀಟರ್ ಉದ್ದ, 1.7 ಮೀಟರ್ ಅಗಲವಿದೆ. ಕೆಳಗೆ ಕಬ್ಬಿಣದ ಚೌಕ ಪೈಪಿನ ಚೌಕಟ್ಟು, ಅದರ ಮೇಲೆ 12 ಎಂಎಂ ಪ್ಲೈವುಡ್, ಅದರ ಮೇಲೆ ಅಲ್ಯೂಮಿನಿಯಂ ಪತ್ರಾ. ಪತ್ರಾ ಒಂದೇ ತುಂಡಾಗಿಲ್ಲ, ಎರಡು ತುಂಡುಗಳನ್ನು ನಡುವೆ ಅಡ್ಡಲಾಗಿ ಜೋಡಿಸಿದ್ದಾರೆ. ಹಿಂದಿನ ಅರ್ಧದಲ್ಲಿ ಗಾಳಿಗಾಗಿ ಒಂದು ಮುಚ್ಚಳದ ಕಿಂಡಿಯಿದೆ. ಮುಂದಿನ ಅರ್ಧದಲ್ಲಿ ಸಾಮಾನು ಹೇರುವ ಕ್ಯಾರಿಯರ್ ಅನ್ನು ಆರು ಬೋಲ್ಟುಗಳಿಂದ ಬಿಗಿಯಲಾಗಿದೆ.

ಏಪ್ರಿಲ್‌ನಲ್ಲಿ ಬಿದ್ದ ಮೊದಲ ಅಡ್ಡಮಳೆಯಲ್ಲೇ ಹಾಸಿಗೆಯ ನೆತ್ತಿಯ ಮೇಲೆ ಹನಿ ಶುರುವಾಯಿತು. ವಿಚಿತ್ರವೆಂದರೆ, ನಿಲ್ಲಿಸಿದ ಗಾಡಿಯಲ್ಲಿ ಹನಿ ನಿಧಾನವಾಗಿ ಬೀಳುತ್ತದೆ. ಜಾಂಬೋಟಿಯ ದಾರಿಯಲ್ಲಿ ಮಳೆಯಲ್ಲಿ ಓಡಿಸಿದ ದಿನ ಮಾತ್ರ ಒಂದು ಚರಿಗೆಯಷ್ಟು ನೀರು ಹಾಸಿಗೆಯ ಮೇಲಿತ್ತು. ಹಿಂದಿನ ಮಾಲೀಕರು ಜೋಡಣೆಗೆಲ್ಲ ಸಿಲಿಕೋನ್ ಮೆತ್ತಿ, ಅದೂ ಬಿರಿದ ಮೇಲೆ ಡಾಂಬರು ಬಳಿದಿದ್ದಾರೆ. ಒಳಗಿನಿಂದ ಕಿಂಡಿಯ ಸುತ್ತಲಿನ ಪ್ಲೈ ಕಪ್ಪಾಗಿ ಕಾಣುತ್ತಿರುವುದರಿಂದ ಕಿಂಡಿಯೇ ದೋಷಿಯೆಂದು ನನ್ನ ಊಹೆ. ಮೃಗಶಿರ ಮಳೆ ಹಿಡಿಯಲು ಮೂರು ವಾರ ಉಳಿದಿವೆ. ಪತ್ರಾ ಪೂರ್ತಿ ಬಿಚ್ಚುವುದು ಅನಿವಾರ್ಯವೇ, ಅಥವಾ ಮೇಲಿನಿಂದ ಒಂದು ಒಳ್ಳೆಯ ಲೇಪ ಕೊಟ್ಟರೆ ಈ ಮಳೆಗಾಲ ಕಳೆಯಬಹುದೇ?

ಉತ್ತರ 1: ನವನಗರ, ಬಾಗಲಕೋಟೆ

ನಾನು ಇಪ್ಪತ್ತೆರಡು ವರ್ಷ ಬಸ್ಸಿನ ಬಾಡಿ ಕಟ್ಟುವ ಕೆಲಸ ಮಾಡಿದವನು. ತಮ್ಮ ಬರಹದಲ್ಲಿ ತಾವೇ ಉತ್ತರ ಕೊಟ್ಟಿದ್ದೀರಿ, ಆದರೆ ಬೇರೆ ಕಡೆ ಬೆರಳು ತೋರಿಸಿದ್ದೀರಿ. ನಿಂತಾಗ ಹನಿ, ಓಡುವಾಗ ಚರಿಗೆ ತುಂಬ ನೀರು ಎಂದರೆ ಗಾಳಿ ನೀರನ್ನು ಒಳಗೆ ದೂಡುತ್ತಿದೆ ಎಂದರ್ಥ. ನಡುವಿನ ಜೋಡಣೆಯಲ್ಲಿ ಯಾವ ಪತ್ರಾ ಮೇಲಿದೆ, ಯಾವುದು ಕೆಳಗಿದೆ ಎಂಬುದನ್ನು ಮೊದಲು ನೋಡಿರಿ. ತಮ್ಮ ಪಕ್ಕದ ಖಾನಾಪುರದ ಹಂಚಿನ ಮನೆಗಳನ್ನು ನೋಡಿದ್ದೀರಲ್ಲ. ಮೇಲಿನ ಸಾಲಿನ ಹಂಚು ಕೆಳಗಿನ ಸಾಲಿನ ಮೇಲೆ ಕೂರುತ್ತದೆಯೇ ಹೊರತು ಅದರ ಅಡಿಗೆ ತೂರುವುದಿಲ್ಲ. ಓಡುವ ಗಾಡಿಗೆ ಗಾಳಿಯೇ ಇಳಿಜಾರು. ಆದ್ದರಿಂದ ಮುಂದಿನ ಪತ್ರಾ ಹಿಂದಿನದರ ಮೇಲೆ ಬರಬೇಕು. ಹಿಂದಿನದು ಮೇಲೆ ಬಂದಿದ್ದರೆ ಜೋಡಣೆಯ ಬಾಯಿ ಮುಂದಕ್ಕೆ ತೆರೆದು, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬಡಿಯುವ ಮಳೆಯನ್ನು ಗುಟುಕು ಗುಟುಕಾಗಿ ಕುಡಿಯುತ್ತದೆ.

ಕಿಂಡಿಯ ಸುತ್ತ ಪ್ಲೈ ಕಪ್ಪಾಗಿದೆ ಎಂಬುದು ನೀರು ಅಲ್ಲಿಗೆ ಬಂದು ನಿಲ್ಲುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ಪತ್ರಾ ಮತ್ತು ಪ್ಲೈ ನಡುವೆ ಹೊಕ್ಕ ನೀರು ಚೌಕ ಪೈಪಿನ ಗುಂಟ ಹರಿದು, ಎಲ್ಲಿ ರಂಧ್ರವೋ ಮೊಳೆಯೋ ಸಿಗುತ್ತದೋ ಅಲ್ಲಿ ಇಳಿಯುತ್ತದೆ. ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿಯೂ ಹೀಗೆಯೇ; ಹನಿ ಅಡುಗೆಮನೆಯಲ್ಲಿ ಬಿದ್ದರೆ ಬಿರುಕು ಪಡಸಾಲೆಯ ಮೇಲಿರುತ್ತದೆ.

ಪರೀಕ್ಷೆಯನ್ನು ಹೀಗೆ ಮಾಡಿರಿ. ಮಳೆಯಿಲ್ಲದ ದಿನ ಒಳಗಿನ ಸೀಲಿಂಗ್ ಹಲಗೆಗಳನ್ನು ಬಿಚ್ಚಿ, ಒಬ್ಬರು ಬ್ಯಾಟರಿ ಹಿಡಿದು ಒಳಗೆ ಕುಳಿತುಕೊಳ್ಳಲಿ. ಹೊರಗಿನವರು ನೀರಿನ ಪೈಪನ್ನು ಮೊದಲು ಅತ್ಯಂತ ತಗ್ಗಿನ ಅಂಚಿಗೆ ಹಿಡಿದು ಹತ್ತು ನಿಮಿಷ ಬಿಡಬೇಕು, ಬಳಿಕ ಒಂದೊಂದೇ ಗೇಣು ಮೇಲೇರಬೇಕು. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಹರಿದು ಯಾವುದೂ ತಿಳಿಯುವುದಿಲ್ಲ. ಅವಸರ ಬೇಡ, ಎರಡು ಪದರಗಳ ನಡುವೆ ನೀರು ಸಾಗಲು ಸಮಯ ಬೇಕು. ಕೈಯಲ್ಲಿ ಒಂದು ದಬ್ಬಳ ಇಟ್ಟುಕೊಂಡು ಪ್ಲೈಯನ್ನು ಅಲ್ಲಲ್ಲಿ ಚುಚ್ಚಿ ನೋಡಿರಿ. ಗಟ್ಟಿ ಮರ ಎದುರೇಳುತ್ತದೆ. ಕೊಳೆತದ್ದು ನೆನೆದ ರೊಟ್ಟಿಯಂತೆ ಒಳಗೆ ಬಿಟ್ಟುಕೊಳ್ಳುತ್ತದೆ.

ಉತ್ತರ 2: ವಿಜಯಪುರ

ಇಷ್ಟೆಲ್ಲ ಬಿಚ್ಚುವ ಅಗತ್ಯವಿದೆಯೇ ಎಂದು ನನಗೆ ಅನುಮಾನ. ನಮ್ಮ ಮನೆಯ ಆರ್‌ಸಿಸಿ ಮಾಳಿಗೆಗೆ ವಾಟರ್‌ಪ್ರೂಫ್ ಲೇಪವನ್ನು ಎರಡು ಕೋಟ್ ಹೊಡೆಸಿದ ಮೇಲೆ ಆರು ವರ್ಷದಿಂದ ಒಂದು ಹನಿಯೂ ಇಳಿದಿಲ್ಲ. ಅದನ್ನೇ ಹೊಡೆಸಿರಿ, ಅಥವಾ ಪತ್ರಾದ ಮೇಲೆಯೇ ಗಾಜಿನ ನಾರು ಹಾಸಿ, ರೆಸಿನ್ ಎಂಬ ಅಂಟುದ್ರವ ಬಳಿಸಿ ಫೈಬರ್ ಮಾಡಿಸಿ ಒಂದೇ ಚಿಪ್ಪಾಗಿಸಿಬಿಡಿರಿ. ಎರಡು ದಿನದ ಕೆಲಸ.

ಉತ್ತರ 3: ಉದ್ಯಮಬಾಗ, ಬೆಳಗಾವಿ

ವಿಜಯಪುರದ ಹಿರಿಯರ ಮನೆಯ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಮನೆಯ ಮಾಳಿಗೆ ನಿಂತಲ್ಲೇ ನಿಂತಿರುತ್ತದೆ. ಅಲ್ಯೂಮಿನಿಯಂ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಮೀಟರಿಗೆ 0.023 ಮಿಲಿಮೀಟರ್ ಹಿಗ್ಗುತ್ತದೆ, ಕಬ್ಬಿಣ ಅದರ ಅರ್ಧದಷ್ಟು. ಬೆಳಗಿನ ಜಾವದ 20 ಡಿಗ್ರಿಯಿಂದ ಮೇ ತಿಂಗಳ ಬಿಸಿಲಿಗೆ ಕಾದ ಪತ್ರಾದ 65 ಡಿಗ್ರಿಯವರೆಗೆ ಲೆಕ್ಕ ಹಾಕಿದರೆ, 2.4 ಮೀಟರ್ ಉದ್ದದ ಛಾವಣಿಯಲ್ಲಿ ಪತ್ರಾ ಸುಮಾರು ಎರಡೂವರೆ ಮಿಲಿಮೀಟರ್, ಕೆಳಗಿನ ಚೌಕಟ್ಟು ಹೆಚ್ಚೆಂದರೆ ಒಂದೂಕಾಲು ಮಿಲಿಮೀಟರ್ ಹಿಗ್ಗುತ್ತದೆ. ಈ ಅಂತರವನ್ನು ಪ್ರತಿದಿನ ಸ್ಕ್ರೂಗಳೂ ಜೋಡಣೆಗಳೂ ತಾಳಿಕೊಳ್ಳಬೇಕು. ಗಟ್ಟಿಯಾಗಿ ಕೂರುವ ಸಿಮೆಂಟ್ ಬೆರೆತ ಲೇಪವಾಗಲಿ, ಎಪಾಕ್ಸಿ ಉಂಡೆಯಾಗಲಿ ಅಲ್ಲಿ ಬಿರಿಯದೆ ಉಳಿಯುವುದಿಲ್ಲ.

ಫೈಬರ್ ಕೆಲಸವೇ ನನ್ನ ಹೊಟ್ಟೆಪಾಡು, ಆದರೂ ಪತ್ರಾದ ಮೇಲೆ ಮಾಡಿಸಬೇಡಿರಿ ಎಂದೇ ಹೇಳುತ್ತೇನೆ. ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ ಅಲ್ಯೂಮಿನಿಯಂ ಅನ್ನು ಸರಿಯಾಗಿ ಕಚ್ಚುವುದಿಲ್ಲ. ಡಾಂಬರು, ಸಿಲಿಕೋನ್ ಬಳಿದ ಮೇಲ್ಮೈಯನ್ನಂತೂ ಕಚ್ಚುವುದೇ ಇಲ್ಲ. ಎರಡು ವರ್ಷದಲ್ಲಿ ಅಂಚು ಎದ್ದು, ಅದರ ಅಡಿಯಲ್ಲಿ ನೀರು ನಿಂತು, ಪ್ಲೈ ಹೊರಗೆ ಕಾಣದಂತೆ ಕೊಳೆಯುತ್ತದೆ. ಭಾರದ ಲೆಕ್ಕವೂ ಇದೆ. ಚದರ ಮೀಟರಿಗೆ 450 ಗ್ರಾಂ ತೂಗುವ ಗಾಜಿನ ನಾರಿನ ಮ್ಯಾಟ್ ತನ್ನ ಎರಡೂವರೆ ಪಟ್ಟು ರೆಸಿನ್ ಕುಡಿಯುತ್ತದೆ. ಎರಡು ಪದರ ಹಾಕಿದರೆ ತಮ್ಮ ಛಾವಣಿಗೆ ಹದಿಮೂರು ಕಿಲೋ ಹೆಚ್ಚಾಗುತ್ತದೆ, ಅದನ್ನು ಆ ಹಳೆಯ ಗ್ಯಾಸ್ ಶಾಕ್‌ಗಳೇ ಎತ್ತಬೇಕು. ಪತ್ರಾ ತೆಗೆದೊಗೆದು, ಒಣಗಿದ ಹೊಸ ಪ್ಲೈ ಮೇಲೆ ನೇರವಾಗಿ ಫೈಬರ್ ಮಾಡಿಸುವುದಾದರೆ ಅದು ಬೇರೆ ಮಾತು. ಯಾರಾದರೂ ಮನೆಯಲ್ಲೇ ಪ್ರಯತ್ನಿಸುವುದಾದರೆ ಒಂದು ಎಚ್ಚರಿಕೆ: ರೆಸಿನ್ ಗಟ್ಟಿಯಾಗಲು ಬೆರೆಸುವ ದ್ರವಗಳಾದ ಕೋಬಾಲ್ಟ್ ಮತ್ತು ಹಾರ್ಡ್‌ನರ್ ಎರಡನ್ನೂ ಎಂದಿಗೂ ನೇರವಾಗಿ ಬೆರೆಸಬಾರದು, ಸ್ಫೋಟವಾಗುತ್ತದೆ. ಕೋಬಾಲ್ಟನ್ನು ರೆಸಿನ್‌ನಲ್ಲಿ ಪೂರ್ತಿ ಕಲಸಿದ ನಂತರವೇ ಹಾರ್ಡ್‌ನರ್ ಹಾಕಬೇಕು. ಅದು ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದಾದ್ದರಿಂದ ಸುರಕ್ಷಾ ಕನ್ನಡಕವಿಲ್ಲದೆ ಮುಟ್ಟಬಾರದು.

ಪ್ರಶ್ನೆ ಕೇಳಿದವರು: ಹನ್ನೊಂದು ದಿನಗಳ ನಂತರ

ಎಲ್ಲರಿಗೂ ವಂದನೆಗಳು. ಬಾಗಲಕೋಟೆಯ ಹಿರಿಯರು ಹೇಳಿದಂತೆಯೇ ಪರೀಕ್ಷೆ ಮಾಡಿದೆ. ನನ್ನ ತಂಗಿಯ ಮಗ ಒಳಗೆ ಕುಳಿತಿದ್ದ. ಕಿಂಡಿಯ ಮೇಲೆ ಇಪ್ಪತ್ತು ನಿಮಿಷ ನೀರು ಬಿಟ್ಟರೂ ಒಳಗೆ ಹನಿಯಿಲ್ಲ. ಕ್ಯಾರಿಯರ್‌ನ ಎಡಬದಿಯ ಬೋಲ್ಟಿಗೆ ನೀರು ತಾಗಿದ ನಾಲ್ಕನೆಯ ನಿಮಿಷಕ್ಕೆ ಚೌಕ ಪೈಪು ಒದ್ದೆಯಾಯಿತು, ಆಮೇಲೆ ಆ ನೀರು ಹಿಂದಕ್ಕೆ ಹರಿದು ಕಿಂಡಿಯ ಹತ್ತಿರ ಇಳಿಯಿತು. ನಡುವಿನ ಜೋಡಣೆಯಲ್ಲಿ ಹಿಂದಿನ ಪತ್ರಾವೇ ಮೇಲಿದೆ. ಪೈಪನ್ನು ಮುಂದಿನಿಂದ ಜೋರಾಗಿ ಹಿಡಿದಾಗ ಹುಡುಗ ಒಳಗಿನಿಂದ ಕೂಗಿಕೊಂಡ.

ಪತ್ರಾ ಬಿಚ್ಚಿಸಿದ್ದೇನೆ. ಬೋಲ್ಟುಗಳ ಸುತ್ತ ಎರಡು ಗೇಣು ಪ್ಲೈ ದಬ್ಬಳಕ್ಕೆ ಎದುರಾಡಲೇ ಇಲ್ಲ. ಡಾಂಬರು ಸೀಮೆಎಣ್ಣೆಗೆ ಬಿಟ್ಟಿತು, ಆದರೆ ಸಿಲಿಕೋನ್ ಥಿನ್ನರಿಗೂ ಜಗ್ಗುತ್ತಿಲ್ಲ. ಇನ್ನು ಜೋಡಿಸುವ ಕ್ರಮವನ್ನು ದಯವಿಟ್ಟು ತಿಳಿಸಿರಿ.

ಉತ್ತರ 1: ನವನಗರ, ಬಾಗಲಕೋಟೆ

ಸಿಲಿಕೋನ್ ಥಿನ್ನರಿಗೆ ಕರಗುವುದಿಲ್ಲ. ಪ್ಲಾಸ್ಟಿಕ್ ಪಟ್ಟಿಯಿಂದ ಹೆರೆದು, ಪಾಲಿಶ್ ಪೇಪರ್ ಉಜ್ಜಿ, ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿರಿ. ಬೇಸರವಾದರೂ ಇದನ್ನು ಬಿಡಬೇಡಿರಿ. ಉಗುರಿನಷ್ಟು ಉಳಿದರೂ ಅದರ ಮೇಲೆ ಬೇರೆ ಯಾವ ಸೀಲಂಟೂ ಬಣ್ಣವೂ ಹಿಡಿಯುವುದಿಲ್ಲ.

ಕೊಳೆತ ಪ್ಲೈಯನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ಐಎಸ್ 710 ಗುರುತಿನ, ನೀರು ತಾಳುವ ಮರೀನ್ ಪ್ಲೈ ಕೂರಿಸಿರಿ; ಕತ್ತರಿಸಿದ ಅಂಚುಗಳಿಗೆ ಬಣ್ಣ ಕುಡಿಸದೆ ಜೋಡಿಸಬೇಡಿರಿ. ಉಳಿದ ಪ್ಲೈ ಪೂರ್ತಿ ಒಣಗಬೇಕು. ನಡುವಿನ ಚೌಕ ಪೈಪಿನ ಮೇಲೆ ಒಂದು ತೆಳುವಾದ ಪಟ್ಟಿ ಕೊಟ್ಟು ಛಾವಣಿಯ ಬೆನ್ನನ್ನು ಸ್ವಲ್ಪ ಎತ್ತಿರಿ. ಒಂದು ಚದರ ಮೀಟರ್ ತಗ್ಗಿನಲ್ಲಿ 10 ಮಿಲಿಮೀಟರ್ ನೀರು ನಿಂತರೆ ಅದೇ 10 ಕಿಲೋ ಭಾರ. ಆ ಭಾರಕ್ಕೆ ತಗ್ಗು ಇನ್ನಷ್ಟು ತಗ್ಗಾಗುತ್ತದೆ.

ಈಗ ಮುಂದಿನ ಪತ್ರಾ ಹಿಂದಿನದರ ಮೇಲೆ ಎರಡು ಇಂಚು ಬರಲಿ. ನಡುವೆ ರಬ್ಬರಿನಂಥ ಅಂಟುಪಟ್ಟಿಯಾದ ಬ್ಯುಟೈಲ್ ಟೇಪ್ ಹಾಸಿ, ರಿವೆಟ್ ಆ ಟೇಪನ್ನು ತೂರಿಯೇ ಹೋಗುವಂತೆ ಹೊಡೆಯಿರಿ. ಬ್ಯುಟೈಲ್ ಗಟ್ಟಿಯಾಗದೆ ಮೆತ್ತಗೇ ಉಳಿಯುವುದರಿಂದ ಪತ್ರಾ ಹಿಗ್ಗಿದಾಗಲೂ ಕುಗ್ಗಿದಾಗಲೂ ಬಿಡುವುದಿಲ್ಲ. ತಳ ಮುಚ್ಚಿದ ಅಲ್ಯೂಮಿನಿಯಂ ರಿವೆಟ್‌ಗಳನ್ನೇ ಕೇಳಿ ತನ್ನಿರಿ. ಕಬ್ಬಿಣದ ಸ್ಕ್ರೂ ಹೊಡೆದರೆ ಒದ್ದೆಯಾದಾಗಲೆಲ್ಲ ಅದರ ಸುತ್ತಲಿನ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆದು ರಂಧ್ರ ದೊಡ್ಡದಾಗುತ್ತದೆ. ಅಂಚಿನ ಮೇಲೆ ಪಾಲಿಯುರೆಥೇನ್ ಸೀಲಂಟಿನ ಗೆರೆ ಎಳೆಯಿರಿ. ಅದು ದಿನಕ್ಕೆ ಎರಡು ಮೂರು ಮಿಲಿಮೀಟರ್ ಮಾತ್ರ ಒಳಗೆ ಗಟ್ಟಿಯಾಗುವುದರಿಂದ ಮೂರು ದಿನ ಗಾಡಿ ಕದಲಿಸಬೇಡಿರಿ, ಆಮೇಲೆ ಅದರ ಮೇಲೆ ಬಿಳಿ ಬಣ್ಣ ಹೊಡೆಯಿರಿ. ಬಿಳಿ ಬಣ್ಣವಿದ್ದರೆ ಪತ್ರಾ ಬಿಸಿಲಿಗೆ ಅಷ್ಟು ಬಿಸಿಯಾಗುವುದೂ ಇಲ್ಲ.

ಕ್ಯಾರಿಯರ್ ಅನ್ನು ಮತ್ತೆ ಕೂರಿಸಬೇಡಿರಿ. ಆರು ರಂಧ್ರ ಮುಚ್ಚಿದ ಮೇಲೆ ಮತ್ತೆ ಆರು ಕೊರೆಯುವುದೇಕೆ? ಕ್ಯಾನ್ವಾಸ್ ಛಾವಣಿಗೆ ಸೇರುವ ಹೊಲಿಗೆಯನ್ನು ತಾಡಪತ್ರಿ ಹೊಲಿಯುವವರಿಗೆ ಒಮ್ಮೆ ತೋರಿಸಿರಿ. ಕಣಕುಂಬಿಯ ಕಡೆ ಹೊರಡುವ ಮೊದಲು ಮನೆಯ ಮುಂದೆಯೇ ಮತ್ತೊಮ್ಮೆ ಪೈಪ್ ಹಿಡಿಯಿರಿ, ಈ ಸಲ ಮುಂದಿನಿಂದ, ಜೋರಾಗಿ. ಹುಡುಗ ಒಳಗೇ ಇರಲಿ.