ಅಮಿಕಾಸಿನ್ ಶುರುವಾದ ಮೇಲೆ ಕಿವಿಯಲ್ಲಿ ಗುಂಯ್ ಶಬ್ದ: ಔಷಧಿಯಿಂದಲೇ?

ಪ್ರಶ್ನೆ: ನಮಸ್ಕಾರ. ಅಪ್ಪನಿಗೆ 61 ವರ್ಷ. ಮೂತ್ರದ ಸೋಂಕಿಗೆ ದಿನಕ್ಕೊಂದು ಅಮಿಕಾಸಿನ್ (ಆ್ಯಂಟಿಬಯೋಟಿಕ್) ಇಂಜೆಕ್ಷನ್, ಇವತ್ತಿಗೆ 9ನೇ ದಿನ. ಕಾಲಿನ ಊತಕ್ಕೆ ಮೂತ್ರ ಹೆಚ್ಚಿಸುವ ಫ್ಯೂರೊಸೆಮೈಡ್ ಕೂಡ ಇದೆ. ಎರಡು ದಿನದಿಂದ ಎರಡೂ ಕಿವಿ ಗುಂಯ್ ಅಂತಿವೆಯಂತೆ. ಮಾತು ಸರಿಯಾಗೇ ಕೇಳಿಸುತ್ತೆ. ಕೋರ್ಸ್ ಮುಗಿದ ಮೇಲೆ ತಾನಾಗೇ ಹೋಗುತ್ತಾ?

ಉತ್ತರ (ಆಡಿಯಾಲಜಿಸ್ಟ್): ಅಮಿಕಾಸಿನ್ ಒಳಕಿವಿಗೆ ಹಾನಿ ಮಾಡಬಲ್ಲದು, ಕೋರ್ಸ್ ಮುಗಿಯುವವರೆಗೆ ಕಾಯಬೇಡಿ. ಮುಂದಿನ ಡೋಸ್ ಹಾಕಿಸುವ ಮುಂಚೆಯೇ ಔಷಧಿ ಬರೆದ ಡಾಕ್ಟರಿಗೆ ಹೇಳಿ. ಬದಲಿಸುವುದೋ ನಿಲ್ಲಿಸುವುದೋ ಅವರು ತೀರ್ಮಾನಿಸಲಿ, ಏಕೆಂದರೆ ಸೋಂಕನ್ನು ಅರ್ಧಕ್ಕೆ ಬಿಡುವುದೂ ಅಪಾಯ.

ಮಾತು ಕೇಳಿಸುತ್ತೆ ಅನ್ನುವುದನ್ನು ನಂಬಿ ಕೂರುವ ಹಾಗಿಲ್ಲ. ಒಳಕಿವಿಯಲ್ಲಿ ಕೇಳಿಸಿಕೊಳ್ಳುವ ಸುರುಳಿ ಭಾಗವಾದ ಶಂಖದ ಬುಡದಲ್ಲಿರುವ ಹೊರಸಾಲಿನ ರೋಮಕೋಶಗಳು (ಸದ್ದನ್ನು ಗ್ರಹಿಸಲು ನೆರವಾಗುವ ಕೋಶಗಳು) ಮೊದಲು ಸಾಯುತ್ತವೆ, ಮತ್ತು ಬುಡ ಹಿಡಿಯುವುದು ಅತಿ ಕೀಚಲು ಸ್ವರಗಳನ್ನು. ಮಾತಿಗೆ ಬೇಕಾದ ಸ್ವರಗಳು ಹೆಚ್ಚಾಗಿ 500ರಿಂದ 4000 ಹರ್ಟ್ಸ್ ಒಳಗಿವೆ. ಹಾನಿ ಅಲ್ಲಿಗೆ ಇಳಿದು ಬರುವಷ್ಟರಲ್ಲಿ ತುಂಬ ಕೋಶಗಳು ಹೋಗಿರುತ್ತವೆ. ಮಾಮೂಲಿ ಆಡಿಯೋಗ್ರಾಂ (ಕಿವಿಯ ಶ್ರವಣ ಪರೀಕ್ಷೆ) 8000 ಹರ್ಟ್ಸ್‌ಗೇ ನಿಲ್ಲುತ್ತದೆ. ಹಾಗಾಗಿ 9000ದಿಂದ 16000ವರೆಗಿನ ಹೈ ಫ್ರೀಕ್ವೆನ್ಸಿ ಪರೀಕ್ಷೆಯನ್ನೂ, ಹೊರಸಾಲಿನ ರೋಮಕೋಶಗಳು ಹೊರಡಿಸುವ ಸಣ್ಣ ಸದ್ದನ್ನು ಅಳೆಯುವ ಓಎಇ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ವಿಚಾರಿಸಬಹುದು. ಈ ವಯಸ್ಸಿಗೆ 16000 ಕೇಳಿಸದಿದ್ದರೆ, ಅವರಿಗೆ ಕೇಳುವ ಅತಿ ಎತ್ತರದ ಸ್ವರವನ್ನೇ ಗುರುತಿಟ್ಟುಕೊಂಡು ಮತ್ತೆ ಮತ್ತೆ ಅಳೆಯಬೇಕು. ಒಂದು ಸ್ವರದಲ್ಲಿ 20 ಡೆಸಿಬೆಲ್, ಅಥವಾ ಅಕ್ಕಪಕ್ಕದ ಎರಡರಲ್ಲಿ ತಲಾ 10 ಡೆಸಿಬೆಲ್ ಕುಸಿದು, ಮರುಪರೀಕ್ಷೆಯಲ್ಲೂ ಹಾಗೇ ಬಂದರೆ ಅದು ಹಾನಿಯೇ. ಇಂಜೆಕ್ಷನ್‌ಗೆ ಮುಂಚಿನ ಪರೀಕ್ಷೆ ಇದ್ದಿದ್ದರೆ ಹೋಲಿಕೆ ಸುಲಭವಾಗುತ್ತಿತ್ತು. ಈಗ ಇವತ್ತಿನದೇ ಆಧಾರ.

ಪ್ರಶ್ನೆ: ಫ್ಯೂರೊಸೆಮೈಡ್‌ಗೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ (ಔಷಧಶಾಸ್ತ್ರ): ಇದೆ. ಅದೊಂದೇ ಆದರೆ ಒಳಕಿವಿಯ ದ್ರವಕ್ಕೆ ವಿದ್ಯುತ್ ಬಲ ಕೊಡುವ ಅಂಗಾಂಶವನ್ನು ಕೆಲಕಾಲ ಮಂಕಾಗಿಸುತ್ತದೆ, ಸಾಮಾನ್ಯವಾಗಿ ಸರಿಹೋಗುತ್ತದೆ. ಜೊತೆಗೆ ಅಮಿಕಾಸಿನ್ ಇದ್ದಾಗ ಆ ಅಮಿಕಾಸಿನ್ ಒಳಕಿವಿಗೆ ನುಗ್ಗುವುದು ಹೆಚ್ಚುತ್ತದೆ. ಮಾತ್ರೆಗಿಂತ ರಕ್ತನಾಳಕ್ಕೆ ಬೇಗ ಬೇಗ ಕೊಟ್ಟ ದೊಡ್ಡ ಡೋಸ್ ಕೆಟ್ಟದ್ದು. ಅಮಿಕಾಸಿನ್ ಹೊರಹೋಗುವುದು ಮೂತ್ರಪಿಂಡದಿಂದ. ಮೂತ್ರಪಿಂಡದ ಸ್ಥಿತಿ ತೋರಿಸುವ ರಕ್ತದ ಕ್ರಿಯೇಟಿನಿನ್ ಏರಿದ್ದರೆ ಔಷಧಿ ಮೈಯಲ್ಲೇ ಉಳಿಯುತ್ತದೆ. ಕ್ರಿಯೇಟಿನಿನ್ ಜೊತೆಗೆ, ಡೋಸ್‌ಗೆ ಸ್ವಲ್ಪ ಮುಂಚೆ ರಕ್ತ ತೆಗೆದು ಟ್ರಫ್ ಮಟ್ಟ (ರಕ್ತದಲ್ಲಿ ಇನ್ನೂ ಉಳಿದಿರುವ ಅಮಿಕಾಸಿನ್ ಪ್ರಮಾಣ) ನೋಡಿಸಿ. ದಿನಕ್ಕೊಂದು ಡೋಸ್‌ನಲ್ಲಿ ಅದು ಮಿಲಿಲೀಟರಿಗೆ 5 ಮೈಕ್ರೋಗ್ರಾಂ ಒಳಗಿರಬೇಕು.

ಪ್ರಶ್ನೆ (ಇನ್ನೊಬ್ಬರು): ಕೆಲವರಿಗೆ ಒಂದೆರಡು ಇಂಜೆಕ್ಷನ್‌ಗೇ ಕಿವುಡು ಬರುತ್ತಂತೆ, ನಿಜವಾ?

ಉತ್ತರ (ಔಷಧಶಾಸ್ತ್ರ): ನಿಜ. ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾದ ಡಿಎನ್‌ಎಯಲ್ಲಿ 1555ನೇ ಜಾಗದಲ್ಲಿ ಎ ಅಕ್ಷರದ ಬದಲು ಜಿ ಇರುವವರಲ್ಲಿ, ಅದರೊಳಗಿನ ನಮ್ಮದೇ ರೈಬೋಸೋಮು (ಪ್ರೋಟೀನ್ ತಯಾರಿಸುವ ರಚನೆ) ಬ್ಯಾಕ್ಟೀರಿಯಾದ್ದರಂತೆ ಆಗಿ ಔಷಧಿ ಅದಕ್ಕೂ ಅಂಟಿಕೊಳ್ಳುತ್ತದೆ. ಇದು ತಾಯಿಯಿಂದ ಬರುವುದು. ತಾಯಿ ಕಡೆಯಲ್ಲಿ ಯಾರಿಗಾದರೂ ಇಂಜೆಕ್ಷನ್ ನಂತರ ಕಿವಿ ಹೋಗಿದ್ದರೆ ಮೊದಲೇ ಹೇಳಿ.

ಉತ್ತರ (ಆಡಿಯಾಲಜಿಸ್ಟ್): ತಾನಾಗೇ ಹೋಗುತ್ತಾ ಅಂದಿರಿ. ಹೆಚ್ಚು ಆಸ್ಪಿರಿನ್‌ನಿಂದ ಬಂದ ಗುಂಯ್ ಶಬ್ದ ಔಷಧಿ ನಿಲ್ಲಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಸತ್ತ ರೋಮಕೋಶ ಮಾತ್ರ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ, ಹಕ್ಕಿಗಳಲ್ಲಿ ಹುಟ್ಟುತ್ತದೆ. ನಿಲ್ಲಿಸಿದ ಮೇಲೂ ಅಮಿಕಾಸಿನ್ ಕೋಶದೊಳಗೆ ಬಹಳ ದಿನ ಉಳಿಯುವುದರಿಂದ 3 ಮತ್ತು 6 ತಿಂಗಳಿಗೆ ಮತ್ತೆ ಪರೀಕ್ಷಿಸಿ. ಅಲ್ಲಿಯವರೆಗೆ ಪಟಾಕಿ, ಡಿಜೆ ಸದ್ದು ಬೇಡ. ಕತ್ತಲಲ್ಲಿ ತೂರಾಡಿದರೆ, ನಡೆಯುವಾಗ ಎದುರಿನ ಬೋರ್ಡು ಕುಣಿದಂತೆ ಕಂಡರೆ ಅದನ್ನೂ ತಿಳಿಸಿ. ಎರಡೂ ಕಿವಿಯ ಸಮತೋಲನ ಒಟ್ಟಿಗೇ ಕೆಟ್ಟಾಗ ತಲೆ ಗಿರ್ರನೆ ಸುತ್ತದೆಯೂ ಇರಬಹುದು.